ಮರಳು ದಿಬ್ಬದ ಮೇಲಿದ್ದ ಆ ದೊಡ್ಡ ಕಡಲಕ್ಕಿ ಯಾವುದು?

ಹಕ್ಕಿಗಳ ಬಗ್ಗೆ ಓದುಗರ ಪ್ರಶ್ನೆಗಳು ಮತ್ತು ಟೀಚರ್ ಉತ್ತರ

ಪ್ರಶ್ನೆ: ಟೀಚರ್, ನಾನು ಮಲ್ಪೆ ಧಕ್ಕೆಯ ಹತ್ತಿರ ಬಲೆ ರಿಪೇರಿ ಕೆಲಸ ಮಾಡುತ್ತೇನೆ. ಜನವರಿ ಎರಡನೇ ವಾರ ಒಂದು ಬೆಳಿಗ್ಗೆ, ನೀರು ಇಳಿದಾಗ, ಅಳಿವೆಯ ಮರಳು ದಿಬ್ಬದ ಮೇಲೆ ನೂರಾರು ಕಡಲಕ್ಕಿಗಳು ಕೂತಿದ್ದವು. ಅವುಗಳ ನಡುವೆ ಒಂದು ಮಾತ್ರ ಬೇರೆ. ಉಳಿದವಕ್ಕಿಂತ ಒಂದೂವರೆ ಪಾಲು ದೊಡ್ಡದು. ಬೆನ್ನು ಗಾಢ ಬೂದು, ರೆಕ್ಕೆಯಲ್ಲಿ ಕಂದು ತೇಪೆ. ಕಾಲು ಮಾಸಲು ಹಳದಿ. ಕೊಕ್ಕು ಹಳದಿ, ಅದರ ತುದಿಯ ಹತ್ತಿರ ಕಪ್ಪು ಪಟ್ಟಿ. ಮೊಬೈಲ್ ಆಪ್ ಒಂದು ಫೋಟೋಗೆ ಹೆರಿಂಗ್ ಗಲ್ ಅಂತು, ಇನ್ನೊಂದಕ್ಕೆ ಪಲ್ಲಾಸ್ ಗಲ್ ಅಂತು. ಇದು ದಾರಿ ತಪ್ಪಿ ಬಂದ ಅಪರೂಪದ ಹಕ್ಕಿಯೇ? ನಾಲ್ಕು ಫೋಟೋ ಕಳಿಸಿದ್ದೇನೆ.
– ಮಲ್ಪೆಯ ಓದುಗರು

ಉತ್ತರ: ಮೊದಲು ಹೆಸರು ಹೇಳಿಬಿಡುತ್ತೇನೆ. ನಿಮ್ಮ ಹಕ್ಕಿ ಹ್ಯೂಗ್ಲಿನ್ಸ್ ಗಲ್. ಇನ್ನೂ ಪೂರ್ತಿ ಬೆಳೆದಿಲ್ಲ, ಮೂರನೇ ಚಳಿಗಾಲದಲ್ಲಿದೆ. ಅಂದರೆ ವಯಸ್ಸು ಸುಮಾರು ಎರಡೂವರೆ ವರ್ಷ. ದಾರಿ ತಪ್ಪಿ ಬಂದದ್ದಲ್ಲ. ಪ್ರತಿ ಚಳಿಗಾಲದಲ್ಲೂ ನಮ್ಮ ಕರಾವಳಿಗೆ ಬರುವ ಹಕ್ಕಿ ಇದು. ಧಕ್ಕೆಯ ಒಳಗೆ ಕಡಿಮೆ. ಟ್ರಾಲ್ ಬೋಟುಗಳ ಹಿಂದೆ ಮತ್ತು ಅಳಿವೆಯ ದಿಬ್ಬಗಳ ಮೇಲೆ ಜಾಸ್ತಿ.

ಈ ಹೆಸರಿಗೆ ಹೇಗೆ ಬಂದೆ ಅನ್ನುವುದನ್ನು ವಿವರವಾಗಿ ಬರೆಯುತ್ತೇನೆ. ನಿಮ್ಮ ಕೆಲಸದ ಜಾಗದ ಎದುರೇ ಈ ಹಕ್ಕಿಗಳು ಕೂರುತ್ತವೆ. ಬೆಂಗಳೂರಿನಿಂದ ರಜೆ ಹಾಕಿ ಬರುವವರಿಗೂ ಸಿಗದ ಅವಕಾಶ ನಿಮಗೆ ದಿನವೂ ಇದೆ. ಮುಂದಿನ ಹಕ್ಕಿಯನ್ನು ನೀವೇ ಗುರುತಿಸಬೇಕು ಅಂತ ನನಗೆ ಆಸೆ.

ಒಂದು ಹಕ್ಕಿ ಬೇರೆ ಅಂತ ಕಂಡ ಕೂಡಲೇ ನಾವು ಅದನ್ನೇ ನೋಡುತ್ತ ನಿಲ್ಲುತ್ತೇವೆ. ನಾನು ಮಕ್ಕಳಿಗೆ ಹೇಳಿಕೊಡುವುದು ಇದರ ಉಲ್ಟಾ. ಮೊದಲು ಅಕ್ಕಪಕ್ಕ ಕೂತಿರುವ ಸಾಮಾನ್ಯ ಹಕ್ಕಿಗಳನ್ನು ನೋಡಿ. ಅವು ಯಾವುವು ಅಂತ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಅವುಗಳ ಪಕ್ಕದಲ್ಲಿಟ್ಟು ಹೊಸಬನನ್ನು ಅಳೆಯಿರಿ. ಒಂಟಿಯಾಗಿ ಕೂತ ಕಡಲಕ್ಕಿಯ ಗಾತ್ರವನ್ನು ಕಣ್ಣಳತೆಯಲ್ಲಿ ಹೇಳುವುದು ಬಹಳ ಕಷ್ಟ. ಗುಂಪಿನೊಳಗೆ ಕೂತರೆ ನೆರೆಹೊರೆಯ ಹಕ್ಕಿಗಳೇ ಅಳತೆಗೋಲು.

ನಿಮ್ಮ ಎರಡನೇ ಫೋಟೋದಲ್ಲಿ ದೊಡ್ಡ ಹಕ್ಕಿಯ ಎಡಕ್ಕೆ ಐದು ಸಣ್ಣ ಹಕ್ಕಿಗಳಿವೆ. ಐದೂ ಕಂದು ತಲೆಯ ಕಡಲಕ್ಕಿಗಳು. ಮಲ್ಪೆಯಲ್ಲಿ ಚಳಿಗಾಲದ ಗುಂಪುಗಳಲ್ಲಿ ಎದ್ದು ಕಾಣುವುದು ಇವೇ. ಲಡಾಖಿನ ತ್ಸೋ ಮೊರಿರಿಯಂಥ, ಸುಮಾರು 4,500 ಮೀಟರ್ ಎತ್ತರದ ಸರೋವರಗಳಲ್ಲಿ ಮತ್ತು ಟಿಬೆಟ್ಟಿನಲ್ಲಿ ಮರಿ ಮಾಡಿ, ಮಳೆಗಾಲ ಮುಗಿದ ಮೇಲೆ ಕಡಲಿಗೆ ಇಳಿಯುತ್ತವೆ. ಈಗ ತಲೆ ಕಂದಾಗಿಲ್ಲ, ಬೆಳ್ಳಗಿದೆ. ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ ಉಳಿದಿದೆ. ತಲೆಗೆ ಕಂದು ಬಣ್ಣ ಮತ್ತೆ ಬರುವುದು ಬೇಸಿಗೆ ಹತ್ತಿರವಾದಾಗ. ಬೆಳೆದ ಹಕ್ಕಿಯ ಕಣ್ಣು ತಿಳಿ ಬಣ್ಣ. ಕೊಕ್ಕು ಕೆಂಪು, ತುದಿ ಕಪ್ಪು. ಹಾರಿದಾಗ ರೆಕ್ಕೆಯ ಕಪ್ಪು ತುದಿಯೊಳಗೆ ಬಿಳಿ ಮಚ್ಚೆ ಎದ್ದು ಕಾಣುತ್ತದೆ. ಉದ್ದ ಸುಮಾರು 42 ಸೆಂಟಿಮೀಟರ್.

ಇದೇ ಗಾತ್ರದ ಇನ್ನೊಂದು ಹಕ್ಕಿ ಕಪ್ಪು ತಲೆಯ ಕಡಲಕ್ಕಿ. ಅದೂ ಇವುಗಳ ಜೊತೆ ಕಲೆತು ಕೂರುತ್ತದೆ. ಸ್ವಲ್ಪ ಸಣ್ಣದು, ಕೊಕ್ಕು ತೆಳ್ಳಗೆ, ಕಣ್ಣು ಕಪ್ಪು. ಆದರೆ ಕಂದು ತಲೆಯದರ ಮರಿಗೂ ಕಣ್ಣು ಕಪ್ಪೇ ಇರುತ್ತದೆ. ಹಾಗಾಗಿ ಕಣ್ಣನ್ನು ಮಾತ್ರ ನಂಬಬೇಡಿ, ರೆಕ್ಕೆ ಬಿಚ್ಚುವ ತನಕ ಕಾಯಿರಿ. ಕಪ್ಪು ತಲೆಯದರ ರೆಕ್ಕೆಯ ಮುಂದಿನ ಅಂಚಿನಲ್ಲಿ ಉದ್ದಕ್ಕೆ ಬಿಳಿ ಪಟ್ಟಿ ಇದ್ದು, ಹಿಂದಿನ ಅಂಚು ಮಾತ್ರ ಕಪ್ಪಾಗಿರುತ್ತದೆ. ಈ ಎರಡನ್ನು ಬೇರೆ ಮಾಡಲು ಬಂದರೆ ನಮ್ಮ ಕರಾವಳಿಯ ಕಡಲಕ್ಕಿಗಳ ಅರ್ಧ ಪಾಠ ಆದ ಹಾಗೆ.

ಈಗ ನಿಮ್ಮ ಅತಿಥಿಯ ಕಡೆ ಬರೋಣ. ಪಕ್ಕದ ಹಕ್ಕಿ 42 ಸೆಂಟಿಮೀಟರ್ ಆದರೆ ಇದು 60ರ ಆಸುಪಾಸು. ಎದೆ ಅಗಲ, ಕೊಕ್ಕು ದಪ್ಪ, ಕೂತ ಭಂಗಿಯೇ ಭಾರ. ಇಷ್ಟರಿಂದಲೇ ಇದು ದೊಡ್ಡ ಕಡಲಕ್ಕಿಗಳ ಬಳಗದ್ದು ಅಂತ ಗೊತ್ತಾಯಿತು. ನಮ್ಮ ಕರಾವಳಿಯಲ್ಲಿ ಆ ಬಳಗದಿಂದ ಮುಖ್ಯವಾಗಿ ಯೋಚಿಸಬೇಕಾದವು ಮೂರು: ಹ್ಯೂಗ್ಲಿನ್ಸ್ ಗಲ್, ಅದರ ಹತ್ತಿರದ ನೆಂಟ ಸ್ಟೆಪ್ಪ್ ಗಲ್, ಮತ್ತು ಪಲ್ಲಾಸ್ ಗಲ್.

ನೀವು ಎಲ್ಲಕ್ಕಿಂತ ಜಾಸ್ತಿ ಗಮನ ಕೊಟ್ಟದ್ದು ಕೊಕ್ಕಿನ ಕಪ್ಪು ಪಟ್ಟಿಗೆ. ಆಪ್ ಕೂಡ ಅದನ್ನೇ ಹಿಡಿದುಕೊಂಡು ಪಲ್ಲಾಸ್ ಅಂದಿರಬೇಕು. ಪಲ್ಲಾಸ್ ಗಲ್‌ನ ಹಳದಿ ಕೊಕ್ಕಿನಲ್ಲೂ ಕಪ್ಪು ಪಟ್ಟಿ ಇರುವುದು ನಿಜ. ಆದರೆ ದೊಡ್ಡ ಕಡಲಕ್ಕಿಗಳ ಕೊಕ್ಕು ಮರಿಯಾಗಿದ್ದಾಗ ಪೂರ್ತಿ ಕಪ್ಪು. ವರ್ಷ ಕಳೆದಂತೆ ಬುಡದಿಂದ ಹಳದಿಯಾಗುತ್ತ ಬರುತ್ತದೆ. ಕೊನೆಗೆ ತುದಿಯ ಹತ್ತಿರ ಒಂದು ಪಟ್ಟಿಯಷ್ಟು ಕಪ್ಪು ಉಳಿದು, ಅದೂ ಮಾಸಿ, ಕೆಳಕೊಕ್ಕಿನ ಮೇಲೆ ಒಂದು ಕೆಂಪು ಚುಕ್ಕೆ ಮೂಡುತ್ತದೆ. ನಿಮ್ಮ ಹಕ್ಕಿ ಈ ಪಟ್ಟಿಯ ಹಂತದಲ್ಲಿದೆ. ಮೂರನೇ ಫೋಟೋವನ್ನು ಜೂಮ್ ಮಾಡಿ ನೋಡಿ, ಕಪ್ಪು ಪಟ್ಟಿಯ ಕೆಳಗೆ ಕೆಂಪಿನ ಸುಳಿವು ಆಗಲೇ ಬಂದಿದೆ.

ವಯಸ್ಸಿನ ವಿಷಯವನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ಕಡಲಕ್ಕಿಗಳ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ. ಗುಂಪಿನಲ್ಲಿ ಬೇರೆಯಾಗಿ ಕಂಡ ಹಕ್ಕಿ ಬಹಳ ಸಲ ಬೇರೆ ಜಾತಿಯದ್ದಲ್ಲ, ಬೇರೆ ವಯಸ್ಸಿನದ್ದು. ಕಂದು ತಲೆಯದರಂಥ ಸಣ್ಣ ಕಡಲಕ್ಕಿಗಳು ಎರಡು ವರ್ಷಕ್ಕೆ ದೊಡ್ಡವರ ವೇಷಕ್ಕೆ ಬರುತ್ತವೆ. ಹ್ಯೂಗ್ಲಿನ್ಸ್‌ನಂಥ ದೊಡ್ಡವಕ್ಕೆ ನಾಲ್ಕು ವರ್ಷ ಬೇಕು. ಮೊದಲ ಚಳಿಗಾಲದಲ್ಲಿ ಮೈಯೆಲ್ಲ ಕಂದು ಚುಕ್ಕೆ ಚುಕ್ಕೆ, ಕೊಕ್ಕು ಕಪ್ಪು, ಕಾಲು ನಸುಗೆಂಪು, ಬಾಲದ ತುದಿಯಲ್ಲಿ ಅಗಲ ಕಪ್ಪು ಪಟ್ಟಿ. ಎರಡನೇ ಚಳಿಗಾಲದಲ್ಲಿ ಬೆನ್ನಿನ ಮೇಲೆ ಅಲ್ಲಲ್ಲಿ ಬೂದು ಗರಿ ಬರುತ್ತವೆ. ಮೂರನೆಯದರಲ್ಲಿ ಬೆನ್ನು ಹೆಚ್ಚುಕಡಿಮೆ ಪೂರ್ತಿ ಬೂದು, ರೆಕ್ಕೆಯಲ್ಲಿ ಮಾತ್ರ ಹಳೆಯ ಕಂದು ಉಳಿದಿರುತ್ತದೆ. ಬಾಲದಲ್ಲಿ ಅಲ್ಲೊಂದು ಇಲ್ಲೊಂದು ಕಪ್ಪು ಗೀರು. ನಾಲ್ಕನೆಯದರಲ್ಲಿ ಪೂರ್ತಿ ಬೆಳೆದ ಹಕ್ಕಿ. ಒಂದೇ ಜಾತಿಯ ನಾಲ್ಕು ವಯಸ್ಸಿನ ಹಕ್ಕಿಗಳು ಒಂದೇ ದಿಬ್ಬದ ಮೇಲೆ ಕೂತರೆ ಹೊಸಬರು ನಾಲ್ಕು ಜಾತಿ ಅಂತ ಬರೆದುಕೊಳ್ಳುತ್ತಾರೆ. ನಿಮ್ಮ ಹಕ್ಕಿಯ ರೆಕ್ಕೆಯ ಕಂದು ತೇಪೆ, ಕೊಕ್ಕಿನ ಪಟ್ಟಿ, ನಾಲ್ಕನೇ ಫೋಟೋದಲ್ಲಿ ಬಾಲದ ಮೇಲೆ ಕಾಣುವ ಎರಡು ಕಪ್ಪು ಗೀರು, ಮೂರೂ ಒಂದೇ ಮಾತು ಹೇಳುತ್ತವೆ.

ಹೆರಿಂಗ್ ಗಲ್ ಯಾಕಲ್ಲ? ಯೂರೋಪಿನ ಹೆರಿಂಗ್ ಗಲ್‌ನ ಬೆನ್ನು ತಿಳಿ ಬೆಳ್ಳಿ ಬೂದು, ಕಾಲು ನಸುಗೆಂಪು. ನಿಮ್ಮ ಹಕ್ಕಿಯ ಬೆನ್ನು ಸ್ಲೇಟಿನ ಬಣ್ಣ, ಕಾಲು ಹಳದಿ. ಎರಡೂ ಹೊಂದುವುದಿಲ್ಲ. ಮನೆಯಲ್ಲಿ ಹಳೆಯ ಹಕ್ಕಿ ಪುಸ್ತಕ ಇದ್ದರೆ ಗೊಂದಲ ಇನ್ನೂ ಹೆಚ್ಚಾಗಬಹುದು. ಭಾರತಕ್ಕೆ ಬರುವ ಈ ಹಕ್ಕಿಗಳನ್ನು ಆಗ ಹೆರಿಂಗ್ ಗಲ್ ಎಂಬ ಹೆಸರಿನಡಿಯಲ್ಲೇ ಸೇರಿಸುತ್ತಿದ್ದರು. ಈಗಿನ ಪಟ್ಟಿಗಳು ಹ್ಯೂಗ್ಲಿನ್ಸ್ ಅನ್ನು ಲೆಸ್ಸರ್ ಬ್ಲ್ಯಾಕ್ ಬ್ಯಾಕ್ಡ್ ಗಲ್‌ನ ಒಂದು ಉಪಜಾತಿ ಎಂದು ಇಡುತ್ತವೆ. ನಿಮ್ಮ ಆಪ್‌ನಲ್ಲೂ ಆ ಹೆಸರಿನಲ್ಲಿ ಹುಡುಕಿ, ಸಿಗುತ್ತದೆ.

ಪಲ್ಲಾಸ್ ಯಾಕಲ್ಲ ಅನ್ನುವುದು ಸುಲಭ. ಅದರ ಬೆನ್ನು ತಿಳಿ ಬೂದು. ಹಣೆ ಇಳಿಜಾರಾಗಿ ಉದ್ದಕ್ಕೆ ಕೊಕ್ಕಿಗೆ ಸೇರುತ್ತದೆ. ಚಳಿಗಾಲದಲ್ಲೂ ಕಣ್ಣಿನ ಸುತ್ತ ಮತ್ತು ಹಿಂದೆ ಕಪ್ಪು ಮಸಿ ಇರುತ್ತದೆ, ಕಣ್ಣಿನ ಮೇಲೆ ಕೆಳಗೆ ಬಿಳಿ ಗೆರೆ ಇರುತ್ತದೆ. ನಿಮ್ಮ ಹಕ್ಕಿಯ ತಲೆ ಬೆಳ್ಳಗಿದೆ. ಹಿಂಗತ್ತಿನಲ್ಲಿ ಮಾತ್ರ ಕಂದು ಗೀರುಗಳಿವೆ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಸ್ಟೆಪ್ಪ್ ಗಲ್ ಬಗ್ಗೆ. ಹ್ಯೂಗ್ಲಿನ್ಸ್ ಹುಟ್ಟುವುದು ರಷ್ಯಾದ ಉತ್ತರ ತುದಿಯ ತಂಡ್ರಾದಲ್ಲಿ, ಮಲ್ಪೆಯಿಂದ ಸುಮಾರು 6,000 ಕಿಲೋಮೀಟರ್ ದೂರದಲ್ಲಿ. ಸ್ಟೆಪ್ಪ್ ಗಲ್ ಹುಟ್ಟುವುದು ಅದಕ್ಕಿಂತ ದಕ್ಷಿಣಕ್ಕೆ, ಸೈಬೀರಿಯಾದ ನೈಋತ್ಯ ಭಾಗ ಮತ್ತು ಕಜಕಿಸ್ತಾನದ ಉತ್ತರದ ಹುಲ್ಲುಗಾವಲಿನ ಕೆರೆಗಳಲ್ಲಿ. ಎರಡಕ್ಕೂ ಹಳದಿ ಕಾಲು. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ. ಸ್ಟೆಪ್ಪ್‌ನ ಬೆನ್ನಿನ ಬೂದು ಸ್ವಲ್ಪ ತಿಳಿ, ತಲೆ ಇನ್ನೂ ಬಿಳಿ, ಗೀರುಗಳಿದ್ದರೆ ಕತ್ತಿನ ಬುಡದಲ್ಲಿ ಮಾತ್ರ. ಬೆಳೆದ ಸ್ಟೆಪ್ಪ್ ಗಲ್‌ನ ಕೊಕ್ಕಿನಲ್ಲೂ ಚಳಿಗಾಲದಲ್ಲಿ ಕಪ್ಪು ಪಟ್ಟಿ ಇರುವುದುಂಟು. ಆದ್ದರಿಂದ ಇಲ್ಲಿ ಪಟ್ಟಿ ನಮಗೆ ಸಹಾಯಕ್ಕೆ ಬರುವುದಿಲ್ಲ, ಬೆನ್ನಿನ ಬಣ್ಣವನ್ನೇ ನಂಬಬೇಕು.

ಬೆನ್ನಿನ ಬಣ್ಣ ನೋಡಲು ಬಿಸಿಲು ಕೆಟ್ಟದ್ದು. ಒಂಬತ್ತು ಗಂಟೆಯ ಬಿಸಿಲು ನೇರ ಬಿದ್ದರೆ ಸ್ಲೇಟಿನ ಬಣ್ಣವೂ ತಿಳಿ ಬೂದಾಗಿ ಫೋಟೋದಲ್ಲಿ ಬರುತ್ತದೆ. ಹಕ್ಕಿ ಸ್ವಲ್ಪ ತಿರುಗಿದರೆ ಅದೇ ಬೆನ್ನು ಕಪ್ಪಾಗಿ ಕಾಣುತ್ತದೆ. ನಿಮ್ಮ ಮೊದಲ ಫೋಟೋದಿಂದ ನಾನು ಏನೂ ತೀರ್ಮಾನಿಸಲಿಲ್ಲ, ಅದು ಪೂರಾ ಬಿಸಿಲಿನದ್ದು. ಎರಡನೆಯದು ಮೋಡ ಬಂದಾಗ ತೆಗೆದದ್ದು. ಅದರಲ್ಲಿ ಪಕ್ಕದ ಕಂದು ತಲೆಯ ಹಕ್ಕಿಗಳ ಬೆನ್ನೂ ಇದೆ, ಇದರ ಬೆನ್ನೂ ಇದೆ, ಎರಡೂ ಒಂದೇ ಬೆಳಕಿನಲ್ಲಿ, ಒಂದೇ ದಿಕ್ಕಿಗೆ. ವ್ಯತ್ಯಾಸ ಬಹಳ ದೊಡ್ಡದು. ಸ್ಟೆಪ್ಪ್ ಆಗಿದ್ದರೆ ಇಷ್ಟು ಕಪ್ಪು ಬರುತ್ತಿರಲಿಲ್ಲ. ಆ ಒಂದು ಫೋಟೋ ತೆಗೆದದ್ದಕ್ಕೆ ನಿಮ್ಮನ್ನು ಮನಸಾರೆ ಮೆಚ್ಚುತ್ತೇನೆ.

ಇನ್ನೊಂದು ಗುರುತು ನಾಲ್ಕನೇ ಫೋಟೋದಲ್ಲಿದೆ. ಹಕ್ಕಿ ರೆಕ್ಕೆ ಬಿಚ್ಚಿ ಮೈ ಕೊಡವುತ್ತಿದೆ. ರೆಕ್ಕೆಯ ತುದಿ ಮೊಂಡಾಗಿ ಕಾಣುತ್ತದೆ ಅಲ್ವಾ? ಅದು ಗಾಯವಲ್ಲ. ಹೊರಗಿನ ಗರಿಗಳು ಉದುರಿ ಹೊಸವು ಇನ್ನೂ ಬೆಳೆಯುತ್ತಿವೆ. ಹ್ಯೂಗ್ಲಿನ್ಸ್ ಗರಿ ಬದಲಿಸುವುದು ಬಹಳ ತಡ. ದೂರದ ಪ್ರಯಾಣ ಮುಗಿಸಿ, ಇಲ್ಲಿ ಮೀನು ತಿಂದುಕೊಂಡು ಇರುವಾಗ ಆ ಕೆಲಸ ಮಾಡಿಕೊಳ್ಳುತ್ತದೆ. ಜನವರಿಯಲ್ಲೂ ಹೊರಗರಿ ಪೂರ್ತಿ ಆಗಿರುವುದಿಲ್ಲ. ಪಕ್ಕದ ಕಂದು ತಲೆಯ ಹಕ್ಕಿಗಳ ರೆಕ್ಕೆ ನೋಡಿ, ಚೂಪಾಗಿ ಮುಗಿದಿದೆ. ನಿಮ್ಮ ಬಲೆ ಅಂಗಡಿಯ ಎದುರು ಒಂದು ಹಕ್ಕಿ ವಾಪಸು ಹೋಗಲು ತನ್ನ ರೆಕ್ಕೆಯನ್ನೇ ಹೊಸದಾಗಿ ಕಟ್ಟಿಕೊಳ್ಳುತ್ತಿದೆ. ನನಗೆ ಹೆಸರು ಗೊತ್ತಾದದ್ದಕ್ಕಿಂತ ಇದನ್ನು ನೋಡಿ ಜಾಸ್ತಿ ಖುಷಿಯಾಯಿತು.

ಮುಂದೆ ಹೀಗೆ ಮಾಡಿ. ಭರತ ಇದ್ದಾಗ ಹೋಗಬೇಡಿ, ದಿಬ್ಬ ಮುಳುಗಿರುತ್ತದೆ, ಹಕ್ಕಿಗಳು ಚದುರಿರುತ್ತವೆ. ಇಳಿತದ ಹೊತ್ತಿಗೆ ಹೋಗಿ. ಹಕ್ಕಿಯನ್ನು ಎಬ್ಬಿಸಬೇಡಿ, ಕಾದರೆ ಅದೇ ರೆಕ್ಕೆ ಬಿಚ್ಚುತ್ತದೆ. ಹಕ್ಕಿಯೊಂದೇ ತುಂಬಿರುವ ಫೋಟೋ ಬೇಡ, ಪಕ್ಕದ ನಾಲ್ಕು ಹಕ್ಕಿ ಸೇರಲಿ. ಕಾಲು ನೀರಿನೊಳಗಿದ್ದರೆ ಹೊರಗೆ ಬರುವ ತನಕ ನಿಲ್ಲಿ. ಕಾಲಿನ ಬಣ್ಣ ಸಿಗುತ್ತದೆ, ಉಂಗುರ ಇದ್ದರೆ ಅದೂ ಸಿಗುತ್ತದೆ. ರಷ್ಯಾದಲ್ಲಿ ಹಾಕಿದ ಉಂಗುರದ ಮೇಲೆ ‘ಮಾಸ್ಕ್ವಾ’ ಎಂದಿರುತ್ತದೆ. ನಮ್ಮ ದೇಶದಲ್ಲಿ ಹಾಕಿದ್ದರ ಮೇಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಹೆಸರಿರುತ್ತದೆ. ನಂಬರು ಓದಲು ಬಂದರೆ ತಪ್ಪದೆ ಬರೆದುಕೊಂಡು ಅವರಿಗೆ ತಿಳಿಸಿ. ಆ ಒಂದು ನಂಬರಿನಿಂದ ಹಕ್ಕಿಯ ಊರು, ವಯಸ್ಸು ಎರಡೂ ತಿಳಿಯಬಹುದು.

ಆಪ್ ಬಳಸಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಅದನ್ನು ಕೇಳುವ ಮೊದಲು ಒಂದು ಚೀಟಿಯಲ್ಲಿ ಗಾತ್ರ, ಬೆನ್ನು, ಕಾಲು, ಕೊಕ್ಕು, ಕಣ್ಣು, ರೆಕ್ಕೆಯ ತುದಿ ಇಷ್ಟನ್ನು ನಿಮ್ಮ ಮಾತಿನಲ್ಲೇ ಬರೆಯಿರಿ. ಹೆಸರು ಮೊದಲು ಸಿಕ್ಕಿಬಿಟ್ಟರೆ ಕಣ್ಣು ಆ ಹೆಸರಿಗೆ ತಕ್ಕದ್ದನ್ನೇ ಹುಡುಕುತ್ತದೆ. ನಿಮ್ಮ ಪತ್ರದಲ್ಲಿ ಕಾಲಿನ ಬಣ್ಣ, ಬೆನ್ನಿನ ಬಣ್ಣ ಎರಡನ್ನೂ ನೀವೇ ಸರಿಯಾಗಿ ಬರೆದಿದ್ದಿರಿ. ಹೆರಿಂಗ್ ಗಲ್ ಅಲ್ಲ ಅನ್ನುವುದಕ್ಕೆ ಅದೇ ಸಾಕಿತ್ತು.

ಪ್ರಶ್ನೆ: ಮೇಡಂ, ಕಾರವಾರದಲ್ಲಿ ಕಾಳಿ ನದಿಯ ಅಳಿವೆಯ ಹತ್ತಿರ ಫೆಬ್ರವರಿಯಲ್ಲಿ ತಲೆ ಪೂರ್ತಿ ಕಪ್ಪಿರುವ ಒಂದು ಕಡಲಕ್ಕಿ ನೋಡಿದೆ. ಕಪ್ಪು ತಲೆಯ ಕಡಲಕ್ಕಿ ಅಂತ ಬರೆದುಕೊಂಡೆ. ಆದರೆ ಅದು ಪಕ್ಕದಲ್ಲಿದ್ದ ಹದ್ದಿಗಿಂತಲೂ ಭಾರವಾಗಿ ಕಾಣುತ್ತಿತ್ತು. ಕಪ್ಪು ತಲೆಯದು ಅಷ್ಟು ದೊಡ್ಡದಾಗುತ್ತದೆಯೇ?
– ಕಾರವಾರದ ಓದುಗರು

ಉತ್ತರ: ಆಗುವುದಿಲ್ಲ. ನೀವು ನೋಡಿದ್ದು ಪಲ್ಲಾಸ್ ಗಲ್. ಮೇಲಿನ ಉತ್ತರದಲ್ಲಿ ಮಲ್ಪೆಯವರಿಗೆ ಅಲ್ಲ ಅಂದ ಹಕ್ಕಿಯೇ ನಿಮಗೆ ಸಿಕ್ಕಿದೆ. ನಮ್ಮಲ್ಲಿಗೆ ಬರುವ ಕಡಲಕ್ಕಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ. ಕಪ್ಪು ಸಮುದ್ರದ ಕಡೆಯಿಂದ ಮಂಗೋಲಿಯಾ ತನಕ ಇರುವ ಸರೋವರಗಳಲ್ಲಿ ಮರಿ ಮಾಡುತ್ತದೆ. ಜರ್ಮನಿಯಲ್ಲಿ ಹುಟ್ಟಿ ರಷ್ಯಾದಲ್ಲಿ ಕೆಲಸ ಮಾಡಿದ ಪೀಟರ್ ಸೈಮನ್ ಪಲ್ಲಾಸ್ ಇದನ್ನು 1773ರಲ್ಲಿ ವರ್ಣಿಸಿದ. ಹೆಸರು ಅವನದೇ.

ಇದರ ತಲೆ ಬೇಗ ಕಪ್ಪಾಗುತ್ತದೆ. ಸಣ್ಣ ಕಡಲಕ್ಕಿಗಳಲ್ಲಿ ಹೆಚ್ಚಿನವು ಇನ್ನೂ ಕಿವಿಯ ಚುಕ್ಕೆಯಲ್ಲೇ ಇರುವ ಫೆಬ್ರವರಿಯಲ್ಲಿ ಇದು ಪೂರ್ತಿ ಕಪ್ಪು ಟೋಪಿ ಹಾಕಿಕೊಂಡಿರುತ್ತದೆ. ಕಣ್ಣಿನ ಮೇಲೆ ಕೆಳಗೆ ಎರಡು ಬಿಳಿ ಗೆರೆ ಆ ಕಪ್ಪಿನಲ್ಲಿ ಎದ್ದು ಕಾಣುತ್ತವೆ. ಕೊಕ್ಕು ಹಳದಿ, ಕಪ್ಪು ಪಟ್ಟಿ, ತುದಿಯ ಹತ್ತಿರ ಕೆಂಪು. ನಿಮಗೆ ಕೊಕ್ಕಿನ ಬಣ್ಣ ನೆನಪಿಲ್ಲದಿದ್ದರೂ ಪರವಾಗಿಲ್ಲ, ಕಪ್ಪು ತಲೆ ಮತ್ತು ಆ ಗಾತ್ರ ಸೇರಿದರೆ ನಮ್ಮ ಕರಾವಳಿಯಲ್ಲಿ ಬೇರೆ ಹಕ್ಕಿ ಇಲ್ಲ. ಗಾತ್ರ ಅಳೆಯಲು ಹದ್ದನ್ನು ನೋಡಿದ್ದು ಒಳ್ಳೆಯ ಕೆಲಸ. ನಿಮ್ಮ ಪಟ್ಟಿಯಲ್ಲಿ ಹೆಸರು ತಿದ್ದಿಕೊಳ್ಳಿ. ತಾರೀಕು ಸಮೇತ ಇಟ್ಟುಕೊಳ್ಳಿ, ತಲೆ ಯಾವಾಗ ಕಪ್ಪಾಯಿತು ಅನ್ನುವುದೂ ಒಂದು ಮಾಹಿತಿ.

ಪ್ರಶ್ನೆ: ನಮ್ಮ ಮನೆಯವರೆಲ್ಲ ಬೀಚಿಗೆ ಹೋದಾಗ ಮಕ್ಕಳು ಕಡಲಕ್ಕಿಗಳಿಗೆ ಕುರುಕಲು ತಿಂಡಿ ಎಸೆಯುತ್ತಾರೆ. ನೂರಾರು ಹಕ್ಕಿ ಹತ್ತಿರ ಬರುತ್ತವೆ, ನೋಡಲು ಚೆಂದ. ತಪ್ಪೇನಾದರೂ ಇದೆಯೇ?
– ಮಂಗಳೂರಿನ ಓದುಗರು

ಉತ್ತರ: ಇದೆ, ದಯವಿಟ್ಟು ಬೇಡ. ಇವು ಮೀನು, ಸಿಗಡಿ, ಹುಳಹುಪ್ಪಟೆ ಮತ್ತು ಬೋಟಿನವರು ಚೆಲ್ಲುವ ಮೀನಿನ ಚೂರುಗಳನ್ನು ತಿಂದು ಬದುಕುವ ಹಕ್ಕಿಗಳು. ಎಣ್ಣೆಯಲ್ಲಿ ಕರಿದ, ಉಪ್ಪು ಖಾರ ಹಾಕಿದ ಹಿಟ್ಟಿನ ತಿಂಡಿಯಿಂದ ಹೊಟ್ಟೆ ತುಂಬಿದ ಹಾಗಾಗುತ್ತದೆ, ಅವಕ್ಕೆ ಬೇಕಾದದ್ದು ಸಿಗುವುದಿಲ್ಲ. ಏಪ್ರಿಲ್ ಹೊತ್ತಿಗೆ ಅವು ಲಡಾಖಿಗೆ, ಟಿಬೆಟ್ಟಿಗೆ ಹಾರಬೇಕು. ಅದಕ್ಕೆ ಒಳ್ಳೆಯ ಆಹಾರ ತಿಂದು ಮೈ ಕೂಡಿಸಿಕೊಳ್ಳುವ ಕಾಲ ಇದು. ಮಕ್ಕಳಿಗೆ ಹಕ್ಕಿಗಳು ಹತ್ತಿರ ಬರಬೇಕು ಅಂತ ಆಸೆ ಇದ್ದರೆ ಮಧ್ಯಾಹ್ನ ಬೋಟುಗಳು ಬಂದು ಮೀನು ಇಳಿಸುವ ಹೊತ್ತಿಗೆ ಧಕ್ಕೆಗೆ ಕರೆದುಕೊಂಡು ಹೋಗಿ. ಬಂಗುಡೆ, ಬೂತಾಯಿ ಬುಟ್ಟಿಗಳ ಮೇಲೆಯೇ ಹಾರಾಡುತ್ತವೆ. ಕೈಚಾಚಿದರೆ ಸಿಗುವಷ್ಟು ಹತ್ತಿರ. ಕೆಲಸ ಮಾಡುವವರ ದಾರಿಗೆ ಅಡ್ಡ ನಿಲ್ಲದಂತೆ ಮಾತ್ರ ನೋಡಿಕೊಳ್ಳಿ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆಗೆ ರಜೆ. ಆಗ ಹೋದರೆ ಬೋಟೂ ಕಟ್ಟಿಹಾಕಿರುತ್ತವೆ, ಕಡಲಕ್ಕಿಗಳೂ ಊರಿಗೆ ಹೋಗಿರುತ್ತವೆ.

ಪ್ರಶ್ನೆ: ಲಕ್ಕವಳ್ಳಿಯಲ್ಲಿ ಭದ್ರಾ ಹಿನ್ನೀರಿನ ನಡುಗಡ್ಡೆಗಳ ಮೇಲೆ ಬೇಸಿಗೆಯಲ್ಲಿ ಸಾವಿರಾರು ಬಿಳಿ ಬೂದು ಹಕ್ಕಿಗಳು. ತಲೆ ಕಪ್ಪು, ಕೊಕ್ಕು ಹಳದಿ. ಕಡಲಕ್ಕಿಗಳು ಮಲೆನಾಡಿನ ತನಕ ಬರುತ್ತವೆಯೇ?
– ತರೀಕೆರೆಯ ಓದುಗರು

ಉತ್ತರ: ಕಡಲಕ್ಕಿಗಳು ಒಳನಾಡಿನ ದೊಡ್ಡ ಕೆರೆ, ಅಣೆಕಟ್ಟುಗಳಿಗೆ ಚಳಿಗಾಲದಲ್ಲಿ ಬರುವುದುಂಟು. ಆದರೆ ನೀವು ನೋಡಿದ್ದು ನದಿ ರೀವ. ಕಡಲಕ್ಕಿಯ ನೆಂಟ, ಕಡಲಕ್ಕಿ ಅಲ್ಲ. ಕೊಕ್ಕು ನೋಡಿ. ಕಡಲಕ್ಕಿಯ ಕೊಕ್ಕಿನ ತುದಿ ಕೆಳಗೆ ಬಾಗಿರುತ್ತದೆ, ರೀವದ್ದು ನೇರ ಚೂಪು. ರೀವದ ಬಾಲ ಕವಲೊಡೆದು ಉದ್ದಕ್ಕೆ ಎರಡು ಎಳೆಯಾಗಿರುತ್ತದೆ. ಕಾಲು ಗಿಡ್ಡ, ಕೆಂಪು. ಕಡಲಕ್ಕಿ ನೀರಿನ ಮೇಲೆ ಬಾತಿನ ಹಾಗೆ ತೇಲುತ್ತ ಕೂರುತ್ತದೆ. ರೀವ ಮೇಲಿಂದ ನೀರಿಗೆ ಎರಗಿ ಮೀನು ಹಿಡಿದು ಹಾಗೇ ಎದ್ದು ಹಾರುತ್ತದೆ.

ಇವು ಚಳಿಗಾಲದ ಅತಿಥಿಗಳಲ್ಲ, ಇಲ್ಲೇ ಹುಟ್ಟಿ ಇಲ್ಲೇ ಬೆಳೆಯುವ ಹಕ್ಕಿಗಳು. ಅಣೆಕಟ್ಟಿನ ನೀರು ಇಳಿದು ನಡುಗಡ್ಡೆಗಳು ಮೇಲೆ ಬಂದಾಗ ಬರೀ ನೆಲದ ಮೇಲೆ, ಕಲ್ಲುಗಳ ನಡುವೆ ಮೊಟ್ಟೆ ಇಡುತ್ತವೆ. ಮೊಟ್ಟೆ, ಮರಿ ಎರಡೂ ನೆಲದ ಬಣ್ಣದಲ್ಲೇ ಕಲೆತುಹೋಗುತ್ತವೆ. ನದಿ ರೀವ ಈಗ ಜಗತ್ತಿನ ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿದೆ. ನದಿಗಳ ಮರಳು ದಿಬ್ಬಗಳು ಹೋದ ಮೇಲೆ ಭದ್ರಾದಂಥ ಜಾಗಗಳ ಬೆಲೆ ಹೆಚ್ಚಾಗಿದೆ. ನೀವು ಬೇಸಿಗೆಯಲ್ಲಿ ಮತ್ತೆ ಹೋದರೆ ಬೋಟಿನಿಂದಲೇ ನೋಡಿ, ನಡುಗಡ್ಡೆಗೆ ಇಳಿಯಬೇಡಿ. ದೊಡ್ಡ ಹಕ್ಕಿ ಎದ್ದು ಹೋದರೆ ಏಪ್ರಿಲ್ ಬಿಸಿಲಿಗೆ ಮೊಟ್ಟೆ ಕೆಡಲು ಬಹಳ ಹೊತ್ತು ಬೇಡ.